ಯೋಜನೆಗಳ ಮೌಲ್ಯಮಾಪನ ಮಾಡುವ ಕನ್ಸಲ್ಟಿಂಗ್ ಕಂಪನಿಗಳಲ್ಲಿ ಪ್ರಾಮಾಣಿಕತೆಗೆ ಜಾಗ ಇದೆಯಾ?

ನೀವು ಕೇಳಿರೋದು ಇಷ್ಟು: ಎಂಎಸ್‌ಡಬ್ಲ್ಯೂ ಮುಗಿದಿದೆ, ಬೆಂಗಳೂರಿನ ಒಂದು ಸಾಮಾಜಿಕ ಸಂಶೋಧನಾ ಕಂಪನಿಯಿಂದ ಆಫರ್ ಬಂದಿದೆ. ಸರ್ಕಾರದ ಮತ್ತು ಎನ್‌ಜಿಒಗಳ ಯೋಜನೆಗಳು ಹೇಗೆ ನಡೆದಿವೆ ಅಂತ ನೋಡಿ ವರದಿ ಕೊಡೋದು ಅವರ ಕೆಲಸ. ಇಂಟರ್‌ವ್ಯೂನಲ್ಲಿ ‘ಪ್ರಾಮಾಣಿಕತೆ, ಸ್ವಾತಂತ್ರ್ಯ, ಜನರ ಬಗ್ಗೆ ಗೌರವ ನಮ್ಮ ಮೌಲ್ಯಗಳು’ ಅಂದರಂತೆ. ದುಡ್ಡು ಕೊಡೋದೇ ಇಲಾಖೆ ಆಗಿರುವಾಗ ಅದೆಲ್ಲ ಆಗೋ ಮಾತಾ, ಸೇರಬಹುದಾ ಅನ್ನೋದು ಪ್ರಶ್ನೆ.

ನಾನು ಇದೇ ಕಸುಬಿನವನು. ಫಾರಂ ಹಿಡಿದು ಮನೆಮನೆ ಅಲೆಯೋದರಿಂದ ಶುರು ಮಾಡಿ ಈಗ ವರದಿ ಬರೆಯೋ ಕಡೆ ಬಂದು ಕೂತಿದ್ದೇನೆ. ಆಗೋ ಮಾತೇ. ಆದರೆ ಯಾವ ಕಂಪನಿಯಲ್ಲಿ ಆಗುತ್ತೆ ಅನ್ನೋದು ಅವರು ಹೇಳಿಕೊಳ್ಳೋ ಮೌಲ್ಯಗಳಿಂದ ಗೊತ್ತಾಗಲ್ಲ, ಬಜೆಟ್ ಶೀಟಿಂದ ಗೊತ್ತಾಗುತ್ತೆ. ಯಾವುದಕ್ಕೆ ದುಡ್ಡು ಇಟ್ಟಿದ್ದಾರೆ, ಯಾವುದಕ್ಕೆ ಇಟ್ಟಿಲ್ಲ ನೋಡಿದರೆ ಸಾಕು.

ಮೊದಲು ನಿಮ್ಮ ಅನುಮಾನದ ವಿಚಾರ. ಅದು ಬರೀ ಅನುಮಾನ ಅಲ್ಲ, ಪುರಾವೆ ಇದೆ. ಗುಜರಾತಿನಲ್ಲಿ ಹೈಕೋರ್ಟ್ ಆದೇಶದಿಂದಾಗಿ 1996ರಿಂದ ಹೆಚ್ಚು ಮಾಲಿನ್ಯ ಮಾಡೋ ಕಾರ್ಖಾನೆಗಳು ಹೊರಗಿನ ಆಡಿಟರ್‌ಗಳಿಂದ ವರ್ಷಕ್ಕೊಮ್ಮೆ ಪರಿಸರ ತಪಾಸಣೆ ಮಾಡಿಸಬೇಕು. ಆಗ ಆಡಿಟರನ್ನು ಆರಿಸ್ತಿದ್ದುದೂ ಕಾರ್ಖಾನೆ, ಫೀಸು ಕೊಡ್ತಿದ್ದುದೂ ಕಾರ್ಖಾನೆ. 2009ರಿಂದ 2011ರ ತನಕ ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಅನ್ನೋ ಅರ್ಥಶಾಸ್ತ್ರಜ್ಞರು ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿ ಜತೆ ಸೇರಿ ಅಹಮದಾಬಾದ್, ಸೂರತ್ ಭಾಗದ 473 ಕಾರ್ಖಾನೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿಗೆ ಹಳೇ ಪದ್ಧತಿ. ಇನ್ನೊಂದು ಗುಂಪಿಗೆ ಆಡಿಟರ್ ಯಾರು ಅನ್ನೋದನ್ನ ಲಾಟರಿಯಂತೆ ನಿಗದಿ ಮಾಡಿ, ಫೀಸನ್ನು ಒಂದು ಸಾಮಾನ್ಯ ನಿಧಿಯಿಂದ ಕೊಟ್ಟು, ಅವರು ಅಳೆದದ್ದನ್ನ ಆಗಾಗ ಬೇರೆಯವರಿಂದ ಮರು ಅಳತೆ ಮಾಡಿಸಿದರು. ಹಳೇ ಪದ್ಧತಿಯಲ್ಲಿ ಹೊಗೆಯ ಅಳತೆಗಳು ಕಾನೂನಿನ ಮಿತಿಗಿಂತ ಸ್ವಲ್ಪವೇ ಕೆಳಗೆ ಬಂದು ಗುಂಪಾಗಿ ನಿಂತಿದ್ದವು. ಹೊಸ ಪದ್ಧತಿಯಲ್ಲಿ, ಮಿತಿ ಮೀರಿದ್ದನ್ನ ‘ಮಿತಿಯೊಳಗಿದೆ’ ಅಂತ ಸುಳ್ಳು ಬರೆಯೋದು ಶೇ. 80ರಷ್ಟು ಇಳಿಯಿತು. ಮಾಲಿನ್ಯವೂ ಕಡಿಮೆಯಾಯಿತು.

ಅದೇ ಊರು, ಅದೇ ವೃತ್ತಿಯ ಜನ. ಫೀಸಿನ ದಾರಿ ಬದಲಾದ ಮೇಲೆ ಬರವಣಿಗೆ ಬದಲಾಯಿತು. ಹಾಗಾಗಿ ‘ನಮ್ಮ ಹುಡುಗರು ಪ್ರಾಮಾಣಿಕರು’ ಅಂತ ಯಾವ ಡೈರೆಕ್ಟರ್ ಹೇಳಿದರೂ ನಾನು ತಲೆಯಾಡಿಸಿ, ಫೀಸು ಯಾರಿಂದ, ಯಾವ ಹಂತದಲ್ಲಿ, ಯಾರ ಸಹಿಗೆ ಬಿಡುಗಡೆ ಆಗುತ್ತೆ ಅಂತ ಕೇಳ್ತೇನೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಒಂದು ವ್ಯವಸ್ಥೆ ಇದೆ. 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಶುರುವಾಯಿತು. ಇಲಾಖೆಗಳ ಯೋಜನೆಗಳನ್ನ ಹೊರಗಿನ ಸಂಸ್ಥೆಗಳಿಂದ ಅಧ್ಯಯನ ಮಾಡಿಸೋದು, ಏನು ನೋಡಬೇಕು ಅನ್ನೋ ಟಿಒಆರ್ ರೂಪಿಸೋದು, ಕರಡು ವರದಿಯನ್ನ ತಜ್ಞರಿಂದ ಪರಿಶೀಲಿಸೋದು, ಕೊನೆಗೆ ವರದಿಯನ್ನ ಸಾರ್ವಜನಿಕವಾಗಿ ಇಡೋದು, ಇವೆಲ್ಲ ಅದರ ಮೂಲಕ ನಡೆಯುತ್ತೆ. ಅಂದರೆ ಇಲಾಖೆಗೂ ಕನ್ಸಲ್ಟೆಂಟಿಗೂ ನಡುವೆ ಮೂರನೆಯವರೊಬ್ಬರು ಇರ್ತಾರೆ. ಇದು ಸಣ್ಣ ವಿಷಯ ಅಲ್ಲ. ಆದರೆ ಇಲಾಖೆಯೇ ನೇರವಾಗಿ ಟೆಂಡರ್ ಕರೆದು, ಇಲಾಖೆಯೇ ವರದಿ ಒಪ್ಪಿ, ಇಲಾಖೆಯೇ ಬಿಲ್ ಪಾಸು ಮಾಡೋ ಕೆಲಸಗಳೂ ಬೇಕಾದಷ್ಟಿವೆ. ಅಲ್ಲಿ ಕಂಪನಿಯ ಬೆನ್ನುಮೂಳೆ ಗಟ್ಟಿ ಇರಬೇಕು.

ಈಗ ಬಜೆಟ್ ಶೀಟಿಗೆ ಬರ್ತೀನಿ. ಟೆಂಡರ್ ಎಲ್-1ಗೆ, ಅಂದರೆ ಕಡಿಮೆ ದರ ಹಾಕಿದವರಿಗೇ ಹೋಗೋದಾದರೆ ದರ ಇಳಿಸೋಕೆ ಕಂಪನಿಗಳು ಮೊದಲು ಕತ್ತರಿ ಹಾಕೋದು ಎರಡು ಕಡೆ: ಫೀಲ್ಡಿನವರ ತರಬೇತಿ ಮತ್ತು ಬ್ಯಾಕ್ ಚೆಕ್. ಐದು ದಿನದ ತರಬೇತಿ ಒಂದು ದಿನ ಆಗುತ್ತೆ. ಬ್ಯಾಕ್ ಚೆಕ್, ಅಂದರೆ ಬೇರೊಬ್ಬರು ಮತ್ತೆ ಅದೇ ಮನೆಗೆ ಹೋಗಿ ಕೆಲವು ಪ್ರಶ್ನೆ ಕೇಳಿ ತಾಳೆ ನೋಡೋದು, ಅದು ಫೋನ್ ಕಾಲ್ ಆಗುತ್ತೆ, ಆಮೇಲೆ ಅದೂ ಇಲ್ಲ. ಜತೆಗೆ ಫಾರಂ ಲೆಕ್ಕದಲ್ಲಿ ಕೂಲಿ. ಒಂದು ಫಾರಮ್ಮಿಗೆ ಇಷ್ಟು ಅಂತ ಕೊಟ್ಟರೆ, ಸಂಜೆ ಬಸ್ ಸ್ಟಾಂಡಿನ ಕಟ್ಟೆ ಮೇಲೆ ಕೂತು ಉಳಿದ ಫಾರಂ ತುಂಬೋ ಹುಡುಗನನ್ನ ಬೈದು ಏನು ಪ್ರಯೋಜನ? ಅವನಿಗೆ ಮನೆ ಬಾಡಿಗೆ ಕಟ್ಟಬೇಕು. ಟ್ಯಾಬ್ ಬಂತು, ಜಿಪಿಎಸ್ ಬಂತು, ಪ್ರಶ್ನೆ ಕೇಳೋವಾಗ ನಡುವೆ ದನಿ ರೆಕಾರ್ಡ್ ಮಾಡೋ ಸೌಲಭ್ಯ ಬಂತು, ಈಗ ಸುಳ್ಳು ಹೇಳೋಕಾಗಲ್ಲ ಅಂತಾರೆ. ಆ ರೆಕಾರ್ಡಿಂಗ್ ಕೂತು ಕೇಳೋಕೆ ಯಾರಿಗಾದರೂ ಸಂಬಳ ಕೊಟ್ಟಿದ್ದೀರಾ ಅಂತ ಕೇಳಿ ನೋಡಿ. ದಿನಗೂಲಿ ಲೆಕ್ಕದಲ್ಲಿ ಕೊಟ್ಟು, ದಿನಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಸಂದರ್ಶನ ಮಾಡಬಾರದು ಅಂತ ಮೇಲ್ಮಿತಿ ಇಟ್ಟ ಕಂಪನಿ ಸಿಕ್ಕರೆ ನನಗೆ ಅರ್ಧ ಸಮಾಧಾನ.

ಇದೆಲ್ಲಕ್ಕಿಂತ ನನ್ನ ತಲೆ ಕೆಡಿಸೋದು ಬೀಗ ಹಾಕಿದ ಮನೆಗಳು. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯೋ ವಿಷಯ. ಸ್ಯಾಂಪಲ್ ಪಟ್ಟಿಯಲ್ಲಿದ್ದ, ಅಂದರೆ ಸರ್ವೆಗೆ ಅಂತ ಮೊದಲೇ ಆರಿಸಿದ ಮನೆಗೆ ಬೀಗ ಇದ್ದರೆ ಪಕ್ಕದ ಮನೆ ತಗೊಳ್ಳಿ, ಅಷ್ಟೇ. ಯಾದಗಿರಿ, ರಾಯಚೂರು ಕಡೆ ಬೇಸಿಗೆಯಲ್ಲಿ ಒಂದು ತಾಂಡಾಕ್ಕೆ ಹೋಗಿ ನೋಡಿ. ಸಾಲಾಗಿ ಬೀಗ. ಜನ ಗುಳೆ ಹೋಗಿರ್ತಾರೆ: ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆ, ಮುಂಬೈ ಕಡೆಗೆ. ಉಳಿದಿರೋದು ಯಾರು? ನೀರಾವರಿ ಜಮೀನು ಇದ್ದವರು, ಪಿಂಚಣಿ ಬರೋ ಮುದುಕರು, ಅಂಗಡಿ ಇಟ್ಟವರು. ನೀವು ಅಳೆಯೋಕೆ ಹೋಗಿರೋದು ಉದ್ಯೋಗ ಖಾತ್ರಿಯಂಥ ಯೋಜನೆಯನ್ನ ಅಂತಿಟ್ಟುಕೊಳ್ಳಿ. 2005ರ ಕಾಯ್ದೆ ಮನೆಯೊಂದಕ್ಕೆ ವರ್ಷಕ್ಕೆ 100 ದಿನದ ಕೆಲಸದ ಮಾತು ಕೊಟ್ಟಿದ್ದೇ ಜನ ಊರು ಬಿಡದೆ ಇರಲಿ ಅಂತ. ಯೋಜನೆ ಸೋತಿದೆ ಅನ್ನೋದಕ್ಕೆ ಆ ಬೀಗವೇ ಸಾಕ್ಷಿ. ಫಾರಂ ಮಾತ್ರ ಪಕ್ಕದ ಮನೆಯ ಜಮೀನುದಾರರದ್ದು ತುಂಬಿರುತ್ತೆ, ಅವರು ‘ಕೆಲಸ ಬೇಕು ಅಂದವರಿಗೆ ಸಿಕ್ಕಿದೆ’ ಅಂದಿರ್ತಾರೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಲಂಚ ತಗೊಂಡಿಲ್ಲ, ಆದರೂ ವರದಿ ತಪ್ಪು.

ಒಳ್ಳೆ ಕಂಪನಿ ಮಾಡೋದು ಏನು? ಬೀಗದ ಮನೆಗಳನ್ನ ಎಣಿಸಿ ವರದಿಯಲ್ಲೇ ಬರೆಯುತ್ತೆ. ಯಾಕೆ ಬೀಗ, ಎಲ್ಲಿಗೆ ಹೋಗಿದ್ದಾರೆ ಅಂತ ನೆರೆಯವರನ್ನ ಕೇಳಿ ಪ್ರತ್ಯೇಕ ಹಾಳೆ ತುಂಬಿಸುತ್ತೆ. ಸಾಧ್ಯವಾದರೆ ಫೋನ್ ನಂಬರ್ ತಗೊಂಡು ಬೆಂಗಳೂರಿನ ಶೆಡ್ಡಿಗೇ ಹೋಗಿ ಮಾತಾಡಿಸುತ್ತೆ. ಅಥವಾ ಮಳೆ ಬಿದ್ದು ಜನ ವಾಪಸ್ ಬರೋ ತನಕ ಸರ್ವೆ ಮುಂದೂಡಿ ಅಂತ ಕ್ಲೈಂಟಿಗೆ ಹೇಳುತ್ತೆ. ಮಾರ್ಚ್ ಒಳಗೆ ದುಡ್ಡು ಖರ್ಚಾಗಬೇಕು ಅಂತ ಅವಸರದಲ್ಲಿರೋ ಇಲಾಖೆಗೆ ಆ ಮಾತು ಹೇಳೋಕೆ ಎದೆಗಾರಿಕೆ ಬೇಕು. ‘ಬಡವರ ದನಿ ಕೇಳಿಸುತ್ತೇವೆ’ ಅಂತ ಬ್ರೋಷರಿನಲ್ಲಿ ಬರೆಯೋರು ಮೊದಲು ಇದನ್ನ ಮಾಡಲಿ.

ಪ್ರಶ್ನೆ ಕೇಳೋ ರೀತಿಯಲ್ಲೂ ಇದೇ ಕಥೆ. ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ರೇಷನ್ ಬಗ್ಗೆ ಕೇಳ್ತಾ ಇದ್ದೆವು. ನ್ಯಾಯಬೆಲೆ ಅಂಗಡಿಯವರು ದಾರಿ ತೋರಿಸ್ತೀನಿ ಅಂತ ಜತೆಗೇ ಬಂದಿದ್ದರು, ಕಟ್ಟೆ ಮೇಲೆ ಕೂತರು. ‘ಅಕ್ಕಿ ಹೆಂಗ ಕೊಡ್ತಾರ್ರಿ ಅವ್ವಾ?’ ಅಂದರೆ ಆ ತಾಯಿ ‘ಎಲ್ಲಾ ಛಲೋ ಅದ ಬಿಡ್ರಿ’ ಅಂದರು. ಟ್ಯಾಬಿನಲ್ಲಿ ‘ಸಂಪೂರ್ಣ ತೃಪ್ತಿ’ ಅಂತ ಒತ್ತಿದರೆ ಮುಗೀತು. ನಮ್ಮ ಸೂಪರ್‌ವೈಸರಮ್ಮ ಗಟ್ಟಿಗಿತ್ತಿ. ಅಂಗಡಿಯ ದಾಸ್ತಾನು ಪುಸ್ತಕ ನೋಡಬೇಕಿತ್ತು ಅಂತ ಆ ಮನುಷ್ಯನನ್ನ ಎಬ್ಬಿಸಿಕೊಂಡು ಹೊರಟುಹೋದರು. ಅವರು ಓಣಿ ತಿರುಗೋದೇ ತಡ, ಆ ತಾಯಿ ಒಳಗಿಂದ ಅಕ್ಕಿ ಚೀಲ ತಂದು ಮುಂದಿಟ್ಟು ‘ಎತ್ತಿ ನೋಡ್ರಿ, ಚೀಟಿನಾಗ ಬರ್ದಷ್ಟು ಇದರಾಗ ಎಲ್ಲದ?’ ಅಂದರು. ನಾವು ತಿಂಗಳ ಲೆಕ್ಕ, ಬೆರಳಚ್ಚಿಗೆ ಕೇಳೋ ಹತ್ತು ರೂಪಾಯಿ, ಎಲ್ಲ ಮತ್ತೆ ಮೊದಲಿಂದ ಬರೆದುಕೊಂಡೆವು. ಆ ಸೂಪರ್‌ವೈಸರ್ ಅಂಥವರನ್ನ ವರ್ಷವಿಡೀ ಸಂಬಳ ಕೊಟ್ಟು ಇಟ್ಟುಕೊಳ್ಳೋದು ದುಬಾರಿ. ಪ್ರಾಜೆಕ್ಟ್ ಬಂದಾಗ ಕರೆದು, ಮುಗಿದ ಮೇಲೆ ಕಳಿಸೋದು ಅಗ್ಗ.

ಶೌಚಾಲಯದ ವಿಚಾರದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಇದೆ. 2014ರಲ್ಲಿ ಬಿಹಾರ, ಉತ್ತರ ಪ್ರದೇಶ, ಮಧ್ಯಪ್ರದೇಶ, ರಾಜಸ್ಥಾನ, ಹರಿಯಾಣದ ಹಳ್ಳಿಗಳಲ್ಲಿ ಸ್ಕ್ವಾಟ್ ಅನ್ನೋ ಸರ್ವೆ ನಡೆಯಿತು. ‘ನಿಮ್ಮ ಮನೆಯವರು ಶೌಚಾಲಯ ಬಳಸ್ತಾರಾ’ ಅಂತ ಒಂದೇ ಪ್ರಶ್ನೆಯಲ್ಲಿ ಮುಗಿಸದೆ, ಮನೆಯ ಒಬ್ಬೊಬ್ಬರ ಬಗ್ಗೆಯೂ ಬೇರೆಬೇರೆಯಾಗಿ ಕೇಳಿದರು. ಬಳಸೋಕೆ ಯೋಗ್ಯವಾದ ಶೌಚಾಲಯ ಇದ್ದ ಮನೆಗಳಲ್ಲೇ ಶೇ. 40ಕ್ಕೂ ಹೆಚ್ಚು ಕಡೆ ಒಬ್ಬರಾದರೂ ಬಯಲಿಗೆ ಹೋಗ್ತಿದ್ದರು. ಒಬ್ಬೊಬ್ಬರ ಬಗ್ಗೆ ಕೇಳಿದರೆ ಸಂದರ್ಶನ ಉದ್ದವಾಗುತ್ತೆ, ಖರ್ಚು ಏರುತ್ತೆ. ಕಟ್ಟಿದ ಶೌಚಾಲಯ ಎಣಿಸಿ ಬರೋದು ಸಲೀಸು.

ಗುಟ್ಟು ಕಾಯೋ ವಿಚಾರ ಬೇಗ ಹೇಳಿ ಮುಗಿಸ್ತೀನಿ. ಪ್ರತಿ ಫಾರಮ್ಮಿನ ಮೊದಲ ಪುಟದಲ್ಲೂ ‘ನಿಮ್ಮ ಹೆಸರು ಯಾರಿಗೂ ಹೇಳೋದಿಲ್ಲ’ ಅಂತ ಇರುತ್ತೆ. ವರದಿ ಕೊಟ್ಟ ಮೇಲೆ ಕ್ಲೈಂಟ್ ಕೇಳೋ ಮೊದಲ ಪ್ರಶ್ನೆ, ‘ಇದು ಯಾವ ಊರಲ್ಲಿ ಹೇಳಿದ್ದು? ಕ್ರಮ ತಗೋಬೇಕಲ್ಲ.’ ಉದ್ದೇಶ ಒಳ್ಳೇದೇ ಇರಬಹುದು. ಹೆಸರು ತೆಗೆದು ಊರು ಹೇಳಿದರೂ ಕೆಲವೊಮ್ಮೆ ಸಾಕು: ಊರಿಗೆ ಒಬ್ಬರೇ ಆಶಾ ಕಾರ್ಯಕರ್ತೆ ಇದ್ದಾಗ ‘ಆ ಊರಿನ ಆಶಾ ಹೇಳಿದಂತೆ’ ಅಂದರೆ ಹೆಸರು ಹೇಳಿದಂತೆಯೇ. ಹೆಸರು, ಊರು ಇರೋ ಕಚ್ಚಾ ಡೇಟಾ ಕೊಡಲ್ಲ ಅನ್ನೋ ಷರತ್ತನ್ನ ಕರಾರಿನಲ್ಲೇ ಬರೆಸಿಕೊಂಡಿದ್ದಾರಾ ಅಂತ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಪ್ರಶ್ನೆಯನ್ನ ಸಂಕೋಚವಿಲ್ಲದೆ ಕೇಳಬಹುದು.

ಕೊನೆಗೆ ಕರಡು ವರದಿ. ಸಿನಿಮಾದಲ್ಲಿ ತೋರಿಸೋ ಹಾಗೆ ಯಾರೂ ಬಂದು ‘ಸುಳ್ಳು ಬರಿ’ ಅನ್ನಲ್ಲ. ಮೀಟಿಂಗಿನಲ್ಲಿ ಚಹಾ ಬರುತ್ತೆ, ಬಿಸ್ಕತ್ ಬರುತ್ತೆ. ‘ಯೋಜನೆ ಗುರಿ ಮುಟ್ಟಿಲ್ಲ’ ಅನ್ನೋ ಕಡೆ ‘ಇನ್ನಷ್ಟು ಸುಧಾರಣೆಗೆ ಅವಕಾಶವಿದೆ’ ಅಂತ ಮಾಡಬಹುದಾ ಅಂತಾರೆ. ಆಮೇಲೆ ಒಂದು ಕೋಷ್ಟಕವನ್ನ ಅನುಬಂಧಕ್ಕೆ ಕಳಿಸಬಹುದಾ ಅಂತಾರೆ. ಆಮೇಲೆ ಚೆನ್ನಾಗಿ ನಡೆದ ಎರಡು ತಾಲ್ಲೂಕುಗಳ ಫೋಟೋ ಮುಖಪುಟಕ್ಕೆ. ಇದರಲ್ಲಿ ಎಲ್ಲವನ್ನೂ ನಾನು ತಪ್ಪು ಅನ್ನಲ್ಲ. ಅಧಿಕಾರಿಗಳು ತೋರಿಸೋ ತಪ್ಪುಗಳು ಎಷ್ಟೋ ಸಲ ನಿಜವಾದ ತಪ್ಪುಗಳೇ ಆಗಿರ್ತಾವೆ, ಅವರಿಗೆ ಯೋಜನೆಯ ಒಳಹೊರಗು ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಮಾತು ಮೆತ್ತಗೆ ಮಾಡಿದರೆ ವರದಿಯನ್ನ ಓದ್ತಾರೆ ಅನ್ನೋದಾದರೆ ಮಾಡೋಣ, ಖಾರವಾಗಿ ಬರೆದು ಬೀರುವಿನಲ್ಲಿ ಧೂಳು ತಿನ್ನಿಸೋದರಲ್ಲಿ ಶೌರ್ಯ ಏನೂ ಇಲ್ಲ. ಆದರೆ ಅಂಕಿ ಮುಟ್ಟೋ ಹಾಗಿಲ್ಲ, ಕೋಷ್ಟಕ ಜಾಗ ಬಿಟ್ಟು ಕದಲೋ ಹಾಗಿಲ್ಲ. ಇಲಾಖೆಗೆ ಒಪ್ಪಿಗೆ ಇಲ್ಲದಿದ್ದರೆ ಅವರ ಆಕ್ಷೇಪಣೆಯನ್ನ ಅವರ ಮಾತಲ್ಲೇ ವರದಿಯ ಹಿಂದೆ ಅಚ್ಚು ಹಾಕಿದರಾಯಿತು. ಈ ಪದ್ಧತಿ ಇಟ್ಟುಕೊಂಡ ಕಂಪನಿಯನ್ನ ಬಿಟ್ಟು ಕ್ಲೈಂಟುಗಳು ಓಡಿಹೋಗ್ತಾರೆ ಅನ್ನೋದು ನನ್ನ ಅನುಭವದಲ್ಲಿ ಅರ್ಧ ಸುಳ್ಳು. ಕೆಲವರು ಹೋಗ್ತಾರೆ. ನಿಜವಾಗಿ ಏನಾಗಿದೆ ಅಂತ ತಿಳಿಯಬೇಕಾದ ಕಾರ್ಯದರ್ಶಿಯೊಬ್ಬರು ಇಲಾಖೆಗೆ ಬಂದಾಗ ಅವರೇ ಇಂಥ ಕಂಪನಿಯನ್ನ ಹುಡುಕಿಕೊಂಡು ಬರ್ತಾರೆ.

ಫೀಸಿನ ಹಂಗೇ ಇಲ್ಲದೆ ಕೆಲಸ ಮಾಡಿದ ಉದಾಹರಣೆಯೂ ನಮ್ಮ ಊರಲ್ಲೇ ಇದೆ. ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಅವರು 1993-94ರಲ್ಲಿ ಬೆಂಗಳೂರಿನ ನೀರು, ವಿದ್ಯುತ್, ಪಾಲಿಕೆ ಮುಂತಾದ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸಿ ‘ನಾಗರಿಕರ ವರದಿ ಕಾರ್ಡ್’ ಹೊರತಂದರು. ಆ ಸೇವೆ ಕೊಡೋ ಸಂಸ್ಥೆಗಳು ಕೇಳಿದ್ದಲ್ಲ, ದುಡ್ಡು ಕೊಟ್ಟಿದ್ದೂ ಅಲ್ಲ. ಪತ್ರಿಕೆಗಳಲ್ಲಿ ಬಂತು, ಮುಜುಗರ ಆಯಿತು. ಅದರಿಂದಲೇ 1994ರಲ್ಲಿ ಪಾಲ್ ಅವರ ಪಬ್ಲಿಕ್ ಅಫೇರ್ಸ್ ಸೆಂಟರ್ ಅನ್ನೋ ಸಂಸ್ಥೆ ಹುಟ್ಟಿತು, 1999ರಲ್ಲಿ, 2003ರಲ್ಲಿ ಅದೇ ಅಳತೆ ಮತ್ತೆ ನಡೆಯಿತು. ಮೂರನೇ ಸಲಕ್ಕೆ ಹೆಚ್ಚಿನ ಸಂಸ್ಥೆಗಳ ಅಂಕ ಸಾಕಷ್ಟು ಏರಿತ್ತು. ನಿಮ್ಮಂಥವರು ಓದಲೇಬೇಕಾದ ಕೆಲಸ ಅದು.

ಹಾಗಾದರೆ ಸೇರಬಹುದಾ? ಆಫರ್ ಒಪ್ಪೋ ಮೊದಲು ಅವರ ಹಳೇ ವರದಿ ಎರಡು ಕೇಳಿ ಓದಿ. ಎಲ್ಲ ವರದಿಯಲ್ಲೂ ಯೋಜನೆ ‘ಬಹುಮಟ್ಟಿಗೆ ಯಶಸ್ವಿ’ ಆಗಿದ್ದರೆ ಅರ್ಥ ಮಾಡಿಕೊಳ್ಳಿ. ಸ್ಯಾಂಪಲ್‌ನಲ್ಲಿ ಎಷ್ಟು ಮನೆ ಬದಲಾಯಿಸಿದರು ಅಂತ ಬರೆದಿದ್ದಾರಾ ನೋಡಿ. ನೀವು ಹೆಣ್ಣುಮಗಳಾಗಿದ್ದರೆ ಫೀಲ್ಡಿನಲ್ಲಿ ರಾತ್ರಿ ಎಲ್ಲಿ ಉಳಿಸ್ತಾರೆ, ವಾಹನ ಯಾರದ್ದು ಅಂತ ಮುಲಾಜಿಲ್ಲದೆ ಕೇಳಿ. ‘ಜನರ ಬಗ್ಗೆ ಗೌರವ’ ಇರೋದಾದರೆ ಆ ಜನರಲ್ಲಿ ನೀವೂ ಒಬ್ಬರು. ಇಷ್ಟು ಸರಿಯಿದ್ದರೆ ಸೇರಿ, ಎರಡು ವರ್ಷದಲ್ಲಿ ಕಾಲೇಜು ಕಲಿಸದೇ ಇರೋದನ್ನ ಕಲೀತೀರಿ. ಮತ್ತೆ ಒಂದು: ಫೀಲ್ಡ್ ಖರ್ಚಿಗೆ ಅಡ್ವಾನ್ಸ್ ಕೊಡ್ತಾರಾ, ಇಲ್ಲ ನಿಮ್ಮ ಕೈಯಿಂದ ಹಾಕಿ ಆಮೇಲೆ ಬಿಲ್ ಕೊಡಬೇಕಾ, ಬಿಲ್ ದುಡ್ಡು ಎಷ್ಟು ತಿಂಗಳಿಗೆ ಬರುತ್ತೆ, ಇದನ್ನ ಎಚ್‌ಆರ್ ಹತ್ತಿರ ಕೇಳಬೇಡಿ. ಅಲ್ಲಿ ಈಗ ಕೆಲಸ ಮಾಡ್ತಿರೋ ಫೀಲ್ಡಿನವರೊಬ್ಬರ ನಂಬರ್ ಹುಡುಕಿ ಕೇಳಿ.