ಲ್ಯಾಪ್‌ಟಾಪ್ ನಿಧಾನವಾ? ಮೊದಲು ಚಾರ್ಜರ್ ನೋಡಿ

ಪ್ರಶ್ನೆ: ಹಳೇ ಚಾರ್ಜರ್ ಸುಟ್ಟುಹೋಯ್ತು ಅಂತ ಅಂಗಡಿಯಲ್ಲಿ ಕಡಿಮೆ ರೇಟಿಗೆ ಸಿಕ್ಕಿದ್ದೊಂದು ತಂದೆ. ಅದನ್ನು ಹಾಕಿದರೆ ಲ್ಯಾಪ್‌ಟಾಪ್ ತೆವಳುತ್ತದೆ, ತೆಗೆದರೆ ಸರಿಯಾಗಿ ಓಡುತ್ತದೆ! ಪವರ್ ಮೋಡ್ ‘ಬೆಸ್ಟ್ ಪರ್ಫಾರ್ಮೆನ್ಸ್’ಗೆ ಇಟ್ಟಿದ್ದೇನೆ, ಏನೂ ಉಪಯೋಗ ಇಲ್ಲ. ಮದುವೆ ಸೀಸನ್ನು, ಲಗ್ನಪತ್ರಿಕೆಗೆ ಜನ ಎದುರಿಗೇ ಕಾಯುತ್ತಾ ಕೂತಿರುತ್ತಾರೆ. ಯಾವ ಸೆಟ್ಟಿಂಗ್ ಬದಲಿಸಲಿ?
– ಡಿಟಿಪಿ ಅಂಗಡಿಯವರು, ದಾವಣಗೆರೆ

ಉತ್ತರ: ಸೆಟ್ಟಿಂಗ್ ಮುಟ್ಟಬೇಡಿ, ಅನುಮಾನ ಚಾರ್ಜರ್ ಮೇಲೆ. ಖಾತ್ರಿ ಮಾಡಿಕೊಳ್ಳೋದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’, ಆಮೇಲೆ ‘ಸಿಪಿಯು’. ಗ್ರಾಫಿನ ಕೆಳಗೆ ‘ಸ್ಪೀಡ್’ ಅಂತ ಒಂದು ಅಂಕಿ ಕುಣಿಯುತ್ತಿರುತ್ತದೆ, ಅದನ್ನೇ ನೋಡುತ್ತಿರಿ. ಉದಾಹರಣೆಗೆ ಇಂಟೆಲ್‌ನ ಐ5-8250ಯು ಪ್ರೊಸೆಸರ್ ತಗೊಳ್ಳಿ. ಅದರ ಮೂಲ ವೇಗ 1.6 ಗಿಗಾಹರ್ಟ್ಸ್, ಕೆಲಸ ಬಿದ್ದಾಗ 3.4ರವರೆಗೂ ಏರಬಲ್ಲದು. ಪತ್ರಿಕೆ ವಿನ್ಯಾಸ ಮಾಡುವ ಕೋರೆಲ್ ಸಾಫ್ಟ್‌ವೇರಿನಲ್ಲಿ ದೊಡ್ಡ ಫೈಲ್ ತೆರೆದು ಪ್ರೊಸೆಸರಿಗೆ ಕೆಲಸ ಕೊಟ್ಟಾಗಲೂ ಅಂಕಿ 0.4, 0.8ರ ಆಸುಪಾಸಿನಲ್ಲೇ ಅಂಟಿಕೊಂಡಿದ್ದು, ಚಾರ್ಜರ್ ಕಿತ್ತ ತಕ್ಷಣ 2ರ ಮೇಲೆ ಹಾರಿದರೆ ಕಳ್ಳ ಸಿಕ್ಕಿದ ಹಾಗೆ.

ಕಾರಣ ಇಷ್ಟು. ಕೆಲವು ಕಂಪನಿಗಳ ಚಾರ್ಜರಿನ ದುಂಡನೆ ಪಿನ್ ಒಳಗೆ ನಡುವೆ ಸೂಜಿಯಂಥ ಸಣ್ಣ ಕಡ್ಡಿ ಇರುತ್ತದೆ, ನೋಡಿದ್ದೀರಾ? ಕರೆಂಟು ಬರೋದು ಸುತ್ತಲಿನ ಲೋಹದಿಂದ. ನಡುವಿನ ಕಡ್ಡಿ ಇರೋದು ‘ನಾನು ಇಷ್ಟು ವ್ಯಾಟಿನ ಚಾರ್ಜರು’ ಅಂತ ಲ್ಯಾಪ್‌ಟಾಪಿಗೆ ಗುರುತು ಹೇಳೋದಕ್ಕೆ. ಡೂಪ್ಲಿಕೇಟ್ ಚಾರ್ಜರಿನಿಂದ ಆ ಗುರುತು ಸರಿಯಾಗಿ ಬರಲಿಲ್ಲ ಅಂದರೆ ಲ್ಯಾಪ್‌ಟಾಪ್ ಅದನ್ನು ನಂಬೋದಿಲ್ಲ. ಬ್ಯಾಟರಿ ಚಾರ್ಜ್ ಮಾಡೋದು ನಿಲ್ಲಿಸಿ ಪ್ರೊಸೆಸರಿನ ವೇಗವನ್ನೂ ಇಳಿಸಿಬಿಡುತ್ತದೆ. ಇದು ವಿಂಡೋಸ್‌ಗಿಂತ ಕೆಳಗೆ, ಯಂತ್ರದ ಮಟ್ಟದಲ್ಲಿ ಆಗುವ ತೀರ್ಮಾನ. ನೀವು ಪವರ್ ಮೋಡನ್ನು ಎಲ್ಲಿಗೆ ಎಳೆದರೂ ಅದು ಕೇಳೋದಿಲ್ಲ. ಕೆಲವು ಸಲ ಕಡ್ಡಿ ಬಾಗಿದ್ದರೆ ಅಥವಾ ಮುರಿದಿದ್ದರೆ ಒರಿಜಿನಲ್ ಚಾರ್ಜರಿನಲ್ಲೂ ಇದೇ ಕಥೆ. ಟೈಪ್-ಸಿ ಲ್ಯಾಪ್‌ಟಾಪಿಗೆ 20 ವ್ಯಾಟಿನ ಫೋನ್ ಚಾರ್ಜರ್ ಹಾಕಿ ನಿಧಾನ ಅಂತ ಗೊಣಗುವವರೂ ಇದ್ದಾರೆ, ಅವರಿಗೂ ಇದೇ ಉತ್ತರ.

ಹೊಸದು ತರುವಾಗ ಹಳೇ ಚಾರ್ಜರನ್ನು ಜೇಬಿಗೆ ಹಾಕಿಕೊಂಡು ಹೋಗಿ. ಅದರ ಮೇಲೆ ಔಟ್‌ಪುಟ್ 19.5 ವೋಲ್ಟ್, 3.34 ಆಂಪಿಯರ್ ಅಂತಿದ್ದರೆ ಗುಣಿಸಿ, ಸುಮಾರು 65 ವ್ಯಾಟ್. ವೋಲ್ಟ್ ಅದೇ ಇರಬೇಕು. ವ್ಯಾಟ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಮಾತ್ರ ಬೇಡ. ಅಂಗಡಿಯಲ್ಲೇ ಹಾಕಿ, ಟಾಸ್ಕ್ ಮ್ಯಾನೇಜರ್ ತೆರೆದು, ಅಂಕಿ ನೋಡಿಯೇ ದುಡ್ಡು ಕೊಡಿ.

ಪ್ರಶ್ನೆ: ಕಮಾಂಡ್ ಪ್ರಾಂಪ್ಟ್‌ನಲ್ಲಿ ಉದ್ದನೆ ಕೋಡ್ ಹಾಕಿದರೆ ‘ಅಲ್ಟಿಮೇಟ್ ಪರ್ಫಾರ್ಮೆನ್ಸ್’ ಅನ್ನೋ ಪ್ಲಾನ್ ಬರುತ್ತದೆ, ಲ್ಯಾಪ್‌ಟಾಪ್ ರಾಕೆಟ್ ಆಗುತ್ತದೆ ಅಂತ ಒಂದು ವಿಡಿಯೋ ನೋಡಿದೆ. ನನ್ನದರಲ್ಲಿ ‘ಬ್ಯಾಲೆನ್ಸ್ಡ್’ ಒಂದೇ ಕಾಣುತ್ತದೆ. ಹಾಕಲಾ?
– ಬಿಸಿಎ ವಿದ್ಯಾರ್ಥಿ, ಮೈಸೂರು

ಉತ್ತರ: ಬೇಡ. ಅದು 2018ರಲ್ಲಿ ವಿಂಡೋಸ್ 10ಕ್ಕೆ ಬಂದದ್ದು, ಅದೂ ಗೋಡೆಗೆ ಪ್ಲಗ್ ಹಾಕಿಕೊಂಡೇ ಇರುವ ದೊಡ್ಡ ವರ್ಕ್‌ಸ್ಟೇಷನ್‌ಗಳಿಗೆ ಅಂತ. ಲ್ಯಾಪ್‌ಟಾಪಿನಲ್ಲಿ ಅದರಿಂದ ಸಿಗುವ ಲಾಭ ಕಣ್ಣಿಗೆ ಕಾಣುವಷ್ಟಿಲ್ಲ, ಸುಮ್ನೆ ಬಿಸಿ ಜಾಸ್ತಿ. ಹೊಸ ಲ್ಯಾಪ್‌ಟಾಪುಗಳಲ್ಲಿ ‘ಬ್ಯಾಲೆನ್ಸ್ಡ್’ ಒಂದೇ ಕಾಣೋದು ಮಾಮೂಲು, ಅದು ದೋಷ ಅಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ‘ಪವರ್ ಆಂಡ್ ಬ್ಯಾಟರಿ’ಗೆ ಹೋಗಿ ‘ಪವರ್ ಮೋಡ್’ ಮಾತ್ರ ‘ಬೆಸ್ಟ್ ಪರ್ಫಾರ್ಮೆನ್ಸ್’ ಮಾಡಿ, ಸಾಕು. ಚಾರ್ಜರ್ ಹಾಕಿದಾಗಿನ ಆಯ್ಕೆ ಬೇರೆ, ಬ್ಯಾಟರಿ ಮೇಲಿದ್ದಾಗಿನದು ಬೇರೆ ಅನ್ನೋದು ನೆನಪಿರಲಿ. ಒಂದರಲ್ಲಿ ಬದಲಿಸಿ ಇನ್ನೊಂದರಲ್ಲಿ ಯಾಕೆ ಬದಲಾಗಿಲ್ಲ ಅಂತ ತಲೆ ಕೆರೆದುಕೊಳ್ಳುವವರೇ ಹೆಚ್ಚು.

ಪ್ರಶ್ನೆ: ಬೇಸಿಗೆಯಲ್ಲಿ ಫ್ಯಾನ್ ಭೋರ್ ಅನ್ನುತ್ತದೆ, ತೊಡೆ ಮೇಲೆ ಇಟ್ಟುಕೊಳ್ಳೋಕೆ ಆಗಲ್ಲ. ಮೊದಲ ಎರಡು ನಿಮಿಷ ವೇಗ, ಆಮೇಲೆ ನಿಧಾನ. ಮಾಡೋದು ಬರೀ ವರ್ಡ್, ಎಕ್ಸೆಲ್, ಯೂಟ್ಯೂಬ್.
– ಶಾಲಾ ಶಿಕ್ಷಕಿ, ರಾಯಚೂರು

ಉತ್ತರ: ನಿಮ್ಮೂರಿನ ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಪಾಪ ಅದಾದರೂ ಏನು ಮಾಡೀತು! ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೇ ಎರಡು ನಿಮಿಷದ ಆಟ. ನಿಮಗೆ ಹೇಳೋದು ಉಲ್ಟಾ ಸಲಹೆ: ವೇಗ ಸ್ವಲ್ಪ ಕಮ್ಮಿ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಚೇಂಜ್ ಪ್ಲಾನ್ ಸೆಟ್ಟಿಂಗ್ಸ್’, ಆಮೇಲೆ ‘ಅಡ್ವಾನ್ಸ್ಡ್’, ಅಲ್ಲಿ ‘ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್’. ಅದರೊಳಗೆ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ 100 ಇರುತ್ತದೆ. 99 ಮಾಡಿ. ಒಂದೇ ಒಂದು ಶೇಕಡಾ ಅಂತ ನಗಬೇಡಿ. ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಇಷ್ಟರಿಂದಲೇ ಟರ್ಬೊ (ಮೂಲ ವೇಗಕ್ಕಿಂತ ಮೇಲೆ ಏರೋದು) ಪೂರ್ತಿ ನಿಂತು ಮೂಲ ವೇಗದ ಸುಮಾರಿಗೆ ಇಳಿಯುತ್ತದೆ. ಫ್ಯಾನ್ ಸುಮ್ಮನಾಗುತ್ತದೆ, ಎಕ್ಸೆಲ್‌ಗೆ ಅಷ್ಟು ಧಾರಾಳವಾಯ್ತು. ವಿಡಿಯೋ ಎಡಿಟ್ ಮಾಡುವವರು ಇದನ್ನು ಮಾಡಬಾರದು. ಹಾಗೇ ‘ಮಿನಿಮಮ್’ ಅನ್ನೋದನ್ನು 100ಕ್ಕೆ ಏರಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಖಾಲಿ ಕೂತಾಗಲೂ ಬಿಸಿ ಕಾರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಈ ಆಯ್ಕೆಯೇ ಕಾಣೋದಿಲ್ಲ. ಆಗ ‘ಪವರ್ ಮೋಡ್’ ಅನ್ನೇ ‘ಬೆಸ್ಟ್ ಪವರ್ ಎಫಿಶಿಯೆನ್ಸಿ’ಗೆ ಇಡಿ. ಧೂಳು ತೆಗೆಸಿ ಎಷ್ಟು ದಿನ ಆಯ್ತು ಹೇಳಿ? ಹಾಸಿಗೆ ಮೇಲಂತೂ ಇಡಲೇಬೇಡಿ, ಗಾಳಿ ಎಳೆಯುವ ಕಿಂಡಿ ಇರೋದು ಹೊಟ್ಟೆಯಲ್ಲೇ.

ಪ್ರಶ್ನೆ: ಮನೆಯಿಂದಲೇ ಕೆಲಸ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬ್ಯಾಟರಿ 80ಕ್ಕೆ ನಿಲ್ಲಿಸಿದರೆ ಬಾಳಿಕೆ ಬರುತ್ತದೆ ಅಂತಾರೆ, ಹಾಗೆ ಮಾಡಲಾ?
– ಗೃಹೋದ್ಯೋಗಿ, ಶಿರಸಿ

ಉತ್ತರ: ಮಾತು ನಿಜ. ಲಿಥಿಯಂ ಬ್ಯಾಟರಿ ಸದಾ ತುಂಬಿಕೊಂಡು, ಬಿಸಿಯಾಗಿ ಇದ್ದರೆ ಬೇಗ ಸವೆಯುತ್ತದೆ. ಅದಕ್ಕೇ ಎಷ್ಟೋ ಕಂಪನಿಗಳು ತಮ್ಮ ಆ್ಯಪಿನಲ್ಲೋ ಬಯಾಸ್‌ನಲ್ಲೋ (ವಿಂಡೋಸ್‌ಗಿಂತ ಮೊದಲು ತೆರೆಯುವ, ಯಂತ್ರದ್ದೇ ಸೆಟ್ಟಿಂಗ್) ಸುಮಾರು 80ಕ್ಕೆ ನಿಲ್ಲಿಸುವ ಆಯ್ಕೆ ಕೊಟ್ಟಿವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಬ್ಯಾಟರಿಯೇ ಯುಪಿಎಸ್ ಅಲ್ವಾ? ಆ ನಾಲ್ಕು ತಿಂಗಳು 100ಕ್ಕೇ ಬಿಡಿ, ಮಿಕ್ಕ ಕಾಲದಲ್ಲಿ 80 ಇಡಿ. ಕರೆಂಟು ಹೋದ ಕೂಡಲೇ ಸ್ಕ್ರೀನಿನ ಬೆಳಕು ಇಳಿಸಿ, ಪವರ್ ಮೋಡಿಗಿಂತ ಅದರಿಂದಲೇ ಜಾಸ್ತಿ ಉಳಿಯೋದು. ಮೀಟಿಂಗ್ ನಡುವೆ ಚಾರ್ಜ್ ಕಡಿಮೆಯಾದಾಗ ಸ್ಕ್ರೀನ್ ತಾನಾಗೇ ಮಂಕಾದರೆ ಗಾಬರಿ ಬೇಡ, ಅದು ಬ್ಯಾಟರಿ ಸೇವರ್ (ಹೊಸ ವಿಂಡೋಸ್ 11ರಲ್ಲಿ ‘ಎನರ್ಜಿ ಸೇವರ್’). ಬ್ಯಾಟರಿ ನಿಜಕ್ಕೂ ಎಷ್ಟು ಉಳಿದಿದೆ ಅಂತ ನೋಡಬೇಕಾದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’ (ನಡುವೆ ಜಾಗ ಬಿಡದೆ), ಒಂದು ಸ್ಪೇಸ್, ಓರೆಗೆರೆ, ಅದಕ್ಕೆ ಅಂಟಿಕೊಂಡೇ ‘ಬ್ಯಾಟರಿರಿಪೋರ್ಟ್’, ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ (powercfg /batteryreport) ಟೈಪ್ ಮಾಡಿ ಎಂಟರ್ ಒತ್ತಿ. ಒಂದು ಫೈಲ್ ಸಿಗುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ 42,000 ಇದ್ದು ‘ಫುಲ್ ಚಾರ್ಜ್ ಕೆಪ್ಯಾಸಿಟಿ’ 21,000 ಇದ್ದರೆ ಬ್ಯಾಟರಿ ಅರ್ಧ ಸವೆದಿದೆ ಅಂತ. ಆಗ ಯಾವ ಸೆಟ್ಟಿಂಗೂ ಬೇಡ, ಮಳೆ ಹಿಡಿಯೋ ಮೊದಲೇ ಹೊಸ ಬ್ಯಾಟರಿ ಹಾಕಿಸಿ.