ಸೋಲಾರ್ ಮನೆ ಮಾಡಿನ ಮೇಲೆ ಹಾಕಿ, ಪದವು ಹಾಗೇ ಇರಲಿ

ಕಾಸರಗೋಡಿನ ಪೈವಳಿಕೆ ಹತ್ತಿರದ ನಿಮ್ಮ 5 ಎಕರೆ ಪದವನ್ನು (ಗುಡ್ಡದ ಮೇಲಿನ ಮುರಕಲ್ಲಿನ ಬಯಲನ್ನು) ಸೋಲಾರ್ ಕಂಪೆನಿಗೆ ಲೀಸಿಗೆ ಕೊಡಬಹುದಾ, ಬರೀ ಕಲ್ಲು ತಾನೇ, ಪರಿಸರಕ್ಕೂ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ.

ಆ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಮಳೆನೀರು ಕುಡಿದು ಇಟ್ಟುಕೊಳ್ಳುತ್ತದೆ. ನೀರಿಗಾಗಿ ಗುಡ್ಡದ ಬುಡದಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳಿಗೆ ಬರುವುದು ಅದೇ ನೀರು. ನಮ್ಮ ಸುರಂಗದಿಂದ ಏಪ್ರಿಲ್‌ನಲ್ಲೂ ಅಡಿಕೆ ಮರದ ದಂಬೆಯಲ್ಲಿ (ಸೀಳಿದ ಕಾಂಡದ ದೋಣಿಯಲ್ಲಿ) ಹೆಬ್ಬೆರಳು ದಪ್ಪದ ನೀರು ಟ್ಯಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟೂ ಬೇಡ! ಜೆಸಿಬಿ ತಂದು ಮೇಲೆ ಸಮತಟ್ಟು ಮಾಡಿದರೆ ಹುಲ್ಲು, ಮಣ್ಣು ಹೋಗುತ್ತದೆ. ನೀರು ಇಂಗದೆ ಕೆಸರಾಗಿ ತೋಟಕ್ಕೆ ನುಗ್ಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಹರಡುವ ನೀಲಿ ಹೂವನ್ನು ನೀವೂ ನೋಡಿರಬಹುದು, ಅದೂ ಹೋಗುತ್ತದೆ. 1 ಮೆಗಾವ್ಯಾಟಿಗೇ ನಾಲ್ಕೈದು ಎಕರೆ ಬೇಕು, ಅಂದರೆ ನಿಮ್ಮ ಜಾಗ ಪೂರ್ತಿ.

ಸೋಲಾರ್ ಬೇಡ ಅನ್ನುತ್ತಿಲ್ಲ. ಪ್ಯಾನೆಲ್ ತಯಾರಿಗೆ ಕಲ್ಲಿದ್ದಲಿನ ಕರೆಂಟು ಜಾಸ್ತಿ ಖರ್ಚಾಗುತ್ತದೆ ನಿಜ, ಆದರೆ ಅಷ್ಟು ಶಕ್ತಿಯನ್ನು ಒಂದೆರಡು ವರ್ಷದಲ್ಲೇ ವಾಪಸ್ ಕೊಟ್ಟು, ಸುಮಾರು 25 ವರ್ಷ ದುಡಿಯುತ್ತದೆ. ಮನೆ ಮಾಡಿನ ಮೇಲೆ ಹಾಕಿಸಿ. 1 ಕಿಲೋವ್ಯಾಟಿಗೆ 10 ಚದರ ಮೀಟರ್ ಸಾಕು. ಊರಿನ ಕರೆಂಟು ಲೈನಿಗೆ ಜೋಡಿಸುವ ಬಗೆಯದ್ದಾದರೆ ಬ್ಯಾಟರಿ ಬೇಡ. ಕರೆಂಟು ಹೋದಾಗ ಅದೂ ನಿಲ್ಲುತ್ತದೆ, ಅಷ್ಟೇ. ಬ್ಯಾಟರಿ ಇಡುವುದಾದರೆ, ಸೀಸದ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸಾಯುತ್ತದೆ. ಅದನ್ನು ಗುಜರಿಗೆ ಹಾಕಬೇಡಿ, ಅಂಗಡಿಗೇ ವಾಪಸ್ ಕೊಡಿ. 2022ರ ಇ-ತ್ಯಾಜ್ಯ (ಹಾಳಾದ ಎಲೆಕ್ಟ್ರಾನಿಕ್ ಸಾಮಾನಿನ) ನಿಯಮದಲ್ಲಿ ಪ್ಯಾನೆಲ್ಲೂ ಸೇರಿದೆ. ಹಾಗಾಗಿ ಅದರ ಬಿಲ್ಲು ಜೋಪಾನವಾಗಿ ಇಟ್ಟುಕೊಳ್ಳಿ.

ಲೀಸಿನ ಕಾಗದಕ್ಕೆ ಸಹಿ ಹಾಕುವ ಮೊದಲು ಕೆಳಗಿನ ಮನೆಯವರ ಹತ್ತಿರ ಒಮ್ಮೆ ಮಾತಾಡಿ. ಅವರ ಸುರಂಗ ಎಲ್ಲಿದೆ ಅಂತ ನೋಡಿ ಬನ್ನಿ.