ಎಂಆರ್‌ಸಿಒಜಿ ಇದೆ, ಆದರೂ ರಿಜಿಸ್ಟ್ರಾರ್ ಬರಲಿ ಅಂದರು

ಅವರನ್ನು ಡಾ. ಎಸ್ ಅಂತ ಕರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಪ್ರಕರಣ ಬರೆಯಲು ಅವರ ಒಪ್ಪಿಗೆಯೂ ಇದೆ.

ವಯಸ್ಸು 37. ಸ್ತ್ರೀರೋಗ ಮತ್ತು ಪ್ರಸೂತಿಯಲ್ಲಿ ಎಂಎಸ್ ಮಾಡಿ ಒಂಬತ್ತು ವರ್ಷ ಕೆಲಸ ಮಾಡಿದವರು. ಕೊನೆಯ ನಾಲ್ಕು ವರ್ಷ ಒಂದು ದೊಡ್ಡ ಆಸ್ಪತ್ರೆಯ ಲೇಬರ್ ವಾರ್ಡ್ ಅವರ ಕೈಯಲ್ಲೇ ಇತ್ತು. ಕೆಲಸದ ಮಧ್ಯೆಯೇ ಓದಿ ಎಂಆರ್‌ಸಿಒಜಿಯ, ಅಂದರೆ ಬ್ರಿಟನ್ನಿನ ರಾಯಲ್ ಕಾಲೇಜು ನಡೆಸುವ ಸ್ತ್ರೀರೋಗ-ಪ್ರಸೂತಿ ಪರೀಕ್ಷೆಯ, ಮೂರೂ ಭಾಗ ಪಾಸಾದರು. ಅದರ ಮೇಲೆಯೇ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ಲಿನಲ್ಲಿ, ಅಂದರೆ ಜಿಎಂಸಿಯಲ್ಲಿ, ನೋಂದಣಿ ಸಿಕ್ಕಿತು. ಹೊರದೇಶದಲ್ಲಿ ಓದಿದ ವೈದ್ಯರು ನೋಂದಣಿಗಾಗಿ ಬರೆಯುವ ಪ್ಲ್ಯಾಬ್ ಪರೀಕ್ಷೆ ಬರೆಯಬೇಕಾಗಲಿಲ್ಲ. ಇಂಗ್ಲೆಂಡಿನ ಒಂದು ಎನ್‌ಎಚ್‌ಎಸ್, ಅಂದರೆ ಸರ್ಕಾರಿ, ಆಸ್ಪತ್ರೆಯಲ್ಲಿ ಟ್ರಸ್ಟ್ ಡಾಕ್ಟರ್ (ತರಬೇತಿಯ ಭಾಗವಲ್ಲದ ಹುದ್ದೆ) ಆಗಿ ಸೇರಿ ಐದು ತಿಂಗಳಾಗಿತ್ತು, ನನ್ನ ಹತ್ತಿರ ಬಂದಾಗ.

ಕೂತ ತಕ್ಷಣ ಹೇಳಿದ ಮಾತು: “ಮೇಡಂ, ನನಗೆ ಫೋರ್ಸೆಪ್ಸ್ ಹಾಕೋದು ಮರೆತೇ ಹೋಗಿದ್ಯೇನೋ ಅನ್ನಿಸ್ತಿದೆ.”

ಫೋರ್ಸೆಪ್ಸ್ ಅಂದರೆ ಹೆರಿಗೆಯಲ್ಲಿ ಮಗುವಿನ ತಲೆ ಹಿಡಿದು ಹೊರತೆಗೆಯುವ ಇಕ್ಕಳ. ಇಲ್ಲಿ ನಾನೊಂದು ತಪ್ಪು ಮಾಡಿದೆ. ವೈದ್ಯರ ವೃತ್ತಿ ಸಲಹೆ ನನ್ನ ದಿನನಿತ್ಯದ ಕೆಲಸ, ದಾರಿಗಳ ಪಟ್ಟಿ ನಾಲಿಗೆ ತುದಿಯಲ್ಲೇ ಇರುತ್ತದೆ. ಹಾಳೆ ತೆಗೆದು ಬಾಣದ ಗುರುತು ಹಾಕಿ ವಿವರಿಸತೊಡಗಿದೆ. ಅವರು ತಲೆಯಾಡಿಸಿದರು, ಥ್ಯಾಂಕ್ಸ್ ಹೇಳಿದರು, ಹೋದರು. ಮುಂದಿನ ವಾರ ಬರಬೇಕಾದವರು ಬಂದದ್ದು ಮೂರು ವಾರ ಬಿಟ್ಟು. ಆಮೇಲೆ ಆ ಹಾಳೆಯನ್ನು ಬದಿಗಿಟ್ಟು ಕೇಳಿದೆ: “ಫೋರ್ಸೆಪ್ಸ್ ಅಂದ್ರಲ್ಲ ಅವತ್ತು, ಏನಾಯ್ತು?”

ಬೆಳಗಿನ ಜಾವ ಮೂರು ಗಂಟೆ. ಹೆರಿಗೆಯ ಎರಡನೇ ಹಂತ. ಸಿಟಿಜಿ ಕಾಗದದಲ್ಲಿ ಮಗುವಿನ ಎದೆಬಡಿತ ಇಳಿಯುತ್ತಿದೆ, ಪ್ರತಿ ನೋವಿಗೂ ಮೇಲೆ ಬರಲು ಹಿಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದೆ. ತಲೆ ಕೆಳಗೆ ಬಂದಿದೆ. ಇಂಥದ್ದನ್ನು ಡಾ. ಎಸ್ ನೂರಾರು ಸಲ ನೋಡಿದ್ದಾರೆ. ಕೈತೊಳೆಯಲು ಹೊರಟರು. ವಾರ್ಡಿನ ಹೊಣೆ ಹೊತ್ತಿದ್ದ ಮಿಡ್‌ವೈಫ್ ತುಂಬಾ ಮರ್ಯಾದೆಯಿಂದಲೇ, ರಿಜಿಸ್ಟ್ರಾರ್ ಬರಲಿ ಇರಿ, ಕರೆದಿದ್ದೇನೆ ಅಂದರು. ರಿಜಿಸ್ಟ್ರಾರ್ ಅಂದರೆ ಅಲ್ಲಿ ಹಿರಿಯ ತಜ್ಞರಿಗಿಂತ ಒಂದು ಮೆಟ್ಟಿಲು ಕೆಳಗಿನ ವೈದ್ಯರು. ಅವರು ಓಡಿ ಬಂದರು. ಇವರಿಗಿಂತ ಏಳು ವರ್ಷ ಚಿಕ್ಕವರು. ಫೋರ್ಸೆಪ್ಸ್ ಹಾಕಿದರು, ಮಗು ಅತ್ತಿತು.

“ನಾನು ಆ ಹೆಂಗಸಿನ ಎಡಗಾಲು ಹಿಡ್ಕೊಂಡು ನಿಂತಿದ್ದೆ ಮೇಡಂ,” ಅಂದರು. “ಯಾರೂ ಬೈಯಲಿಲ್ಲ. ಬೈದಿದ್ರೆ ಎಷ್ಟೋ ವಾಸಿಯಿತ್ತು.”

ಸ್ವಲ್ಪ ಹೊತ್ತು ಬಿಟ್ಟು ನಾನು ಕೇಳಿದೆ: “ನಿಮಗೆ ಫೋರ್ಸೆಪ್ಸ್ ಬರುತ್ತೆ ಅಂತ ಆ ಮಿಡ್‌ವೈಫ್‌ಗೆ ಹೇಗೆ ಗೊತ್ತಾಗಬೇಕಿತ್ತು?”

ಅವರಿಗೆ ಸಿಟ್ಟು ಬಂತು. “ನನ್ನ ಸಿವಿ ಅವರ ಹತ್ತಿರ ಇಲ್ವಾ?” ಇಲ್ಲ, ಸಿವಿ ಮಾನವ ಸಂಪನ್ಮೂಲ ವಿಭಾಗದಲ್ಲಿದೆ. ರಾತ್ರಿ ಮೂರು ಗಂಟೆಗೆ ಮಿಡ್‌ವೈಫ್ ಕೈಗೆ ಸಿಗೋದು ರೋಟಾ, ಅಂದರೆ ಪಾಳಿಯ ಪಟ್ಟಿ, ಮಾತ್ರ. ರೋಟಾದಲ್ಲಿ ಇವರ ಹೆಸರು ಜೂನಿಯರ್ ಸಾಲಿನಲ್ಲಿತ್ತು. ಬ್ರಿಟನ್ನಿನಲ್ಲಿ ಸಹಜ ಹೆರಿಗೆಯನ್ನು ಮಿಡ್‌ವೈಫ್ ತಮ್ಮದೇ ಹೊಣೆಯಲ್ಲಿ ಮಾಡಿಸುತ್ತಾರೆ. ಡಾಕ್ಟರನ್ನು ಕರೆಯೋದು ತೊಡಕಾದಾಗ. ಕರೆಯುವಾಗ ಯಾರನ್ನು ಕರೆಯುತ್ತಿದ್ದೇವೆ ಅನ್ನೋದು ಅವರಿಗೆ ಖಚಿತವಾಗಿ ಗೊತ್ತಿರಬೇಕು. ಆ ರಾತ್ರಿ ಮಿಡ್‌ವೈಫ್ ಮಾಡಿದ್ದು ಸರಿಯೇ. ಇದನ್ನು ಹೇಳುವುದು ನನಗೆ ಸುಲಭವಿರಲಿಲ್ಲ, ಎದುರಿಗೆ ಕೂತವರು ಅಳುತ್ತಿದ್ದರು.

ಮೂರನೇ ಸಲ ಬಂದಾಗ ನಿದ್ದೆ ಸ್ವಲ್ಪ ಸುಧಾರಿಸಿತ್ತು, ಪ್ರಶ್ನೆಗಳು ಜಾಸ್ತಿಯಾಗಿದ್ದವು. ಅದರಲ್ಲಿ ಮೊದಲನೆಯದು ಬಹಳ ಜನ ಕೇಳುವಂಥದ್ದೇ: ಎಂಆರ್‌ಸಿಒಜಿ ಆದ ಮೇಲೆ ಕನ್ಸಲ್ಟೆಂಟ್, ಅಂದರೆ ಅಲ್ಲಿನ ಹಿರಿಯ ತಜ್ಞ, ಆಗಬಹುದು ಅಲ್ವಾ?

ಇಲ್ಲ. ಎಂಆರ್‌ಸಿಒಜಿ ಒಂದು ಪರೀಕ್ಷೆ. ಒಳ್ಳೆಯ ಪರೀಕ್ಷೆ, ಕಷ್ಟದ ಪರೀಕ್ಷೆ. ಮೂರನೇ ಭಾಗದಲ್ಲಿ 14 ಕೋಣೆ, ಒಂದೊಂದರಲ್ಲಿ 12 ನಿಮಿಷ, ಎದುರಿಗೆ ರೋಗಿಯ ಪಾತ್ರ ಮಾಡುವವರು ಇಲ್ಲವೇ ಪರೀಕ್ಷಕರು. ಅದನ್ನು ದಾಟಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಬ್ರಿಟನ್ನಿನಲ್ಲಿ ಕಾಯಂ ಕನ್ಸಲ್ಟೆಂಟ್ ಹುದ್ದೆಗೆ ಜಿಎಂಸಿಯ ತಜ್ಞರ ಪಟ್ಟಿಯಲ್ಲಿ ಹೆಸರಿರಬೇಕು. ಹೊರಗೆ ಕಲಿತವರು ಆ ಪಟ್ಟಿಗೆ ಹೋಗಲು ಮುಖ್ಯವಾಗಿ ಎರಡು ದಾರಿ. ಅಲ್ಲಿನ ತರಬೇತಿಗೆ ಸೇರಿ ಮುಗಿಸಿ ಸಿಸಿಟಿ ಅನ್ನುವ ಪ್ರಮಾಣಪತ್ರ ಪಡೆಯುವುದು ಒಂದು. ತರಬೇತಿಯ ಹೊರಗಿದ್ದುಕೊಂಡೇ, ಅದೇ ಮಟ್ಟದ ತಿಳಿವಳಿಕೆ, ಕೌಶಲ, ಅನುಭವ ತನಗಿದೆ ಅಂತ ದಾಖಲೆ ಸಮೇತ ತೋರಿಸುವುದು ಇನ್ನೊಂದು. ಹಿಂದೆ ಇದನ್ನು ಸಿಇಎಸ್‌ಆರ್ ಅನ್ನುತ್ತಿದ್ದರು, ಈಗ ಪೋರ್ಟ್‌ಫೋಲಿಯೋ ಪಾತ್‌ವೇ. 2023ರ ನವೆಂಬರ್ ಕೊನೆಯಲ್ಲಿ ಅದರ ಅಳತೆಗೋಲೂ ಬದಲಾಯಿತು. ಮೊದಲು ‘ನಿಮ್ಮ ತರಬೇತಿ ಸಿಸಿಟಿಗೆ ಸಮವೇ’ ಅಂತ ನೋಡುತ್ತಿದ್ದರು. ಈಗ ‘ತಜ್ಞರಾಗಿ ಕೆಲಸ ಮಾಡಲು ಬೇಕಾದ್ದು ನಿಮ್ಮಲ್ಲಿದೆಯೇ’ ಅಂತ ನೋಡುತ್ತಾರೆ. ಸಾಲು ಸಣ್ಣದು, ಆದರೆ ಡಾ. ಎಸ್‌ ಥರದವರಿಗೆ ಇದು ಒಳ್ಳೆಯ ಸುದ್ದಿ.

ತರಬೇತಿಯ ದಾರಿಯನ್ನೂ ಬಿಡದೆ ನೋಡಿದೆವು. ಎಸ್‌ಟಿ-1ರಿಂದ ಎಸ್‌ಟಿ-7ರವರೆಗೆ ಏಳು ವರ್ಷ. ನಡುವೆ ಎಸ್‌ಟಿ-3ಕ್ಕೆ ಸೇರುವ ಬಾಗಿಲೂ ಇದೆ, ಆದರೆ ಇಕ್ಕಟ್ಟು. ಅರ್ಜಿ ಓರಿಯಲ್ ಅನ್ನುವ ತಾಣದಲ್ಲಿ, ಎಸ್‌ಟಿ-1ಕ್ಕೆ ಎಂಎಸ್‌ಆರ್‌ಎ ಪರೀಕ್ಷೆ, ಆಮೇಲೆ ಸಂದರ್ಶನ. ವಿದೇಶದಲ್ಲಿ ಕಲಿತವರು ಬುನಾದಿ ಕೌಶಲಗಳಿವೆ ಅಂತ ಕ್ರೆಸ್ಟ್ ಫಾರ್ಮಿಗೆ ಒಬ್ಬ ಹಿರಿಯ ವೈದ್ಯರ ಸಹಿ ಹಾಕಿಸಬೇಕು. ತರಬೇತಿಯಲ್ಲಿ ಹೇಳಿಕೊಡುವವರು ಇರುತ್ತಾರೆ, ಆಪರೇಷನ್ ಲಿಸ್ಟಿನಲ್ಲಿ ಜಾಗ ಸಿಗುತ್ತದೆ, ಪ್ರತಿ ವರ್ಷ ಎಆರ್‌ಸಿಪಿ ಅಂತ ಕೂತು ಪ್ರಗತಿ ನೋಡುತ್ತಾರೆ. ತೊಂದರೆ ಅಂದ್ರೆ ಊರೂರು ಸುತ್ತಬೇಕು. ಒಂದು ಪ್ರದೇಶದೊಳಗೇ ಆದರೂ ಆಸ್ಪತ್ರೆ ಬದಲಾಗುತ್ತಲೇ ಇರುತ್ತದೆ. ಪೈಪೋಟಿಯೂ ಬಹಳ. 2025ರ ಜುಲೈಯಲ್ಲಿ ಇಂಗ್ಲೆಂಡಿನ ಹತ್ತು ವರ್ಷದ ಆರೋಗ್ಯ ಯೋಜನೆ ಬಂತು. ಅದರಲ್ಲಿ ತರಬೇತಿ ಸೀಟುಗಳಿಗೆ ಬ್ರಿಟನ್ನಿನಲ್ಲೇ ಓದಿದವರಿಗೆ ಆದ್ಯತೆ ಕೊಡುತ್ತೇವೆ ಅಂತ ಸರ್ಕಾರ ಬಾಯಿಬಿಟ್ಟು ಹೇಳಿದೆ. ಈ ದಾರಿ ಹಿಡಿಯುವವರು ಅರ್ಜಿ ಹಾಕುವ ವರ್ಷದ ನಿಯಮವನ್ನು ತಾವೇ ಓದಿ ನೋಡಬೇಕು. ಸ್ನೇಹಿತೆಯ ಎರಡು ವರ್ಷದ ಹಿಂದಿನ ಅನುಭವ ಕೇಳಿಕೊಂಡು ಹೊರಟರೆ ಕೆಟ್ಟಿರಿ.

ಇನ್ನೂ ಬ್ರಿಟನ್ನಿಗೆ ಕಾಲಿಡದವರಿಗೆ ಬೇರೆಯದೊಂದಿದೆ: ಎಂಟಿಐ, ಅಂದರೆ ಮೆಡಿಕಲ್ ಟ್ರೇನಿಂಗ್ ಇನಿಶಿಯೇಟಿವ್. 2009ರಲ್ಲಿ ಶುರುವಾದ ಯೋಜನೆ. ಹೆಚ್ಚೆಂದರೆ ಎರಡು ವರ್ಷ ಎನ್‌ಎಚ್‌ಎಸ್‌ನಲ್ಲಿ ಕಲಿತು, ಕಲಿತದ್ದನ್ನು ತಮ್ಮ ದೇಶಕ್ಕೆ ಒಯ್ಯಲಿ ಅನ್ನೋದು ಉದ್ದೇಶ. ರಾಯಲ್ ಕಾಲೇಜಿನ ಪ್ರಾಯೋಜಕತ್ವದಲ್ಲಿ ಜಿಎಂಸಿ ನೋಂದಣಿ ಸಿಗುವುದರಿಂದ ಪ್ಲ್ಯಾಬ್ ಬೇಡ. ಆದರೆ ಆ ವೀಸಾದ ವರ್ಷಗಳು ಕಾಯಂ ವಾಸದ ಲೆಕ್ಕಕ್ಕೆ ಬರುವುದಿಲ್ಲ. ವಾಪಸ್ ಹೋಗಿ ಪ್ರಾಕ್ಟೀಸ್ ಮಾಡುವ ಮನಸ್ಸಿರುವವರಿಗೆ ಇದಕ್ಕಿಂತ ಚೆನ್ನಾದದ್ದು ನನಗೆ ಕಂಡಿಲ್ಲ. ಡಾ. ಎಸ್‌ಗೆ ಇದು ಬೇಡವಾಗಿತ್ತು, ಗಂಡನ ಕೆಲಸ, ಮಗಳ ಶಾಲೆ ಎರಡೂ ಆಗಲೇ ಅಲ್ಲಿ ಬೇರುಬಿಟ್ಟಿದ್ದವು.

ನಾಲ್ಕನೇ ಭೇಟಿಗೆ ಅವರು ಒಂದು ಪುಸ್ತಕ ತಂದರು. ನೀಲಿ ರಟ್ಟಿನ ಉದ್ದನೆಯ ರಿಜಿಸ್ಟರ್, ಮೂಲೆಗಳು ಸವೆದು ಹತ್ತಿಯ ಹಾಗಾಗಿದ್ದವು. ತಾರೀಕು, ಹೆಸರು, ಯಾಕೆ ಮಾಡಿದ್ದು, ರಕ್ತ ಎಷ್ಟು ಹೋಯಿತು, ಎಲ್ಲ ಸಣ್ಣ ಅಕ್ಷರದಲ್ಲಿ. ಕೊನೆಯ ಕಾಲಮಿನಲ್ಲಿ ಪುಟ ಪುಟಕ್ಕೂ ಒಂದೇ ಪದ: ಸೆಲ್ಫ್. “640 ಸಿಸೇರಿಯನ್ ಇದೆ ಮೇಡಂ. ಇದು ಸಾಲಲ್ವಾ?”

ಎಷ್ಟು ಹೆಮ್ಮೆಯಿಂದ ಮೇಜಿನ ಮೇಲಿಟ್ಟರೆಂದರೆ, ಮುಂದಿನ ಮಾತಾಡಲು ನಾನು ಒಂದು ಲೋಟ ನೀರು ಕುಡಿದೆ. ಮೊದಲನೆಯದಾಗಿ, ಅದರಲ್ಲಿ ರೋಗಿಗಳ ಹೆಸರಿತ್ತು. ಹೆಸರಿರುವ ಪುಸ್ತಕವನ್ನು ಜಿಎಂಸಿಗೆ ಕಳಿಸುವ ಹಾಗಿಲ್ಲ, ಹಾಗೆ ಹೊತ್ತು ತಿರುಗುವುದೂ ಸರಿಯಲ್ಲ. ಎರಡನೆಯದು, ಪುಸ್ತಕದುದ್ದಕ್ಕೂ ಇನ್ನೊಬ್ಬರ ಒಂದೇ ಒಂದು ಸಹಿ ಇರಲಿಲ್ಲ. ಮೇಲಿನವರು ಇರಲಿಲ್ಲ, ಮೇಲಿನವರು ಅವರೇ. ಹೆರಿಗೆಯ ಮೇಲೆ ಹೆರಿಗೆ ಬರುವ ವಾರ್ಡಿನಲ್ಲಿ ಯಾರು ಕೂತು ಯಾರದ್ದನ್ನು ನೋಡಿ ಬರೆಯುತ್ತಾರೆ? ಆದರೆ ಅರ್ಜಿ ಪರಿಶೀಲಿಸುವವರು ಕೇಳೋದು ಅದನ್ನೇ. ಎಷ್ಟು ಮಾಡಿದಿರಿ ಅನ್ನೋದಕ್ಕಿಂತ, ನೀವು ಮಾಡಿದ್ದನ್ನು ಯಾರು ನೋಡಿದರು, ಏನಂದರು.

ಇನ್ನೊಂದು ಕೊರತೆ ಅವರಿಗೇ ಹೊಳೆಯಿತು. ಒಬ್ಬ ಕನ್ಸಲ್ಟೆಂಟ್ ಅವರ ಜೊತೆ ಕೂತು ಒಂದು ಪ್ರಕರಣ ಚರ್ಚಿಸಿದ್ದರಂತೆ. ಸಿಸೇರಿಯನ್‌ಗೆ ಒಪ್ಪಿಗೆ ತೆಗೆದುಕೊಂಡ ಬಗೆ. “ನೀವು ಎಲ್ಲ ಅಪಾಯವನ್ನೂ ಹೇಳಿದಿರಿ. ಆಕೆಗೆ ಯಾವುದರ ಭಯ ಅಂತ ಕೇಳಿದ್ರಾ?” ಅಂದರಂತೆ. ಕೇಳಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಕೇಳಿ ಅಂಕ ತೆಗೆದುಕೊಂಡಿದ್ದರು, ವಾರ್ಡಿನಲ್ಲಿ ಹಳೆಯ ಅಭ್ಯಾಸ ಮುಂದೆ ಬಂತು. ನಾನು ಮಾಂಟ್‌ಗೋಮರಿ ತೀರ್ಪಿನ ಕಥೆ ತೆಗೆದೆ. ಸ್ಕಾಟ್ಲೆಂಡಿನ ಲಾನಾರ್ಕ್‌ಶೈರ್, ಸಕ್ಕರೆ ಕಾಯಿಲೆಯ, ಕುಳ್ಳಗಿನ ಬಸುರಿ. ಮಗುವಿನ ಭುಜ ಸಿಕ್ಕಿಕೊಳ್ಳುವ ಸಾಧ್ಯತೆ 9ರಿಂದ 10 ಶೇಕಡಾ. ಹೇಳಿದರೆ ಸಿಸೇರಿಯನ್ ಕೇಳುತ್ತಾರೆ ಅಂತ ಡಾಕ್ಟರ್ ಹೇಳಲಿಲ್ಲ. 1999ರಲ್ಲಿ ಹುಟ್ಟಿದ ಆ ಮಗುವಿಗೆ ಸೆರೆಬ್ರಲ್ ಪಾಲ್ಸಿಯಾಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ತಾಯಿಯ ಪರ ತೀರ್ಪು ಕೊಟ್ಟಿತು. ಯಾವ ಅಪಾಯ ಮುಖ್ಯ ಅನ್ನೋದನ್ನು ಆ ರೋಗಿಯ ಜಾಗದಲ್ಲಿ ನಿಂತು ನೋಡಬೇಕು ಅಂದಿತು. ಡಾ. ಎಸ್ ತೀರ್ಪನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದರು. “ಓದಿದ್ದೆ ಮೇಡಂ, ನನಗೆ ಅಂತ ಓದಿರಲಿಲ್ಲ,” ಅಂದರು.

ಆಮೇಲೆ ನಿರ್ಧಾರಕ್ಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಆರು ವರ್ಷದ ಮಗಳನ್ನು ಕಟ್ಟಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಲು ಅವರು ತಯಾರಿರಲಿಲ್ಲ. ಒಂದೇ ಕಡೆ ಇದ್ದು ಪೋರ್ಟ್‌ಫೋಲಿಯೋ ಕಟ್ಟುತ್ತೇನೆ ಅಂದರು. ನಾನು ಒಪ್ಪಿದೆ, ಆದರೆ ಸಲಹೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಕೊಟ್ಟೆ.

ಮೊದಲು ಆ ಫೋರ್ಸೆಪ್ಸ್. ಸಿಟ್ಟು, ಸಂಕೋಚ ಎರಡನ್ನೂ ಬಿಟ್ಟು ಕನ್ಸಲ್ಟೆಂಟ್ ಎದುರು ಮಾಡಿ ತೋರಿಸಿ, ಕೈಕೌಶಲ ನೋಡಿ ಬರೆಯುವ ಒಸಾಟ್ಸ್ ಫಾರ್ಮಿಗೆ ಸಹಿ ಹಾಕಿಸಿ. ಮುಖ್ಯವಾದ ಪ್ರತಿ ಪ್ರೊಸೀಜರಿಗೂ ‘ಸಮರ್ಥರು’ ಅನ್ನುವ ಮೂರು ಒಸಾಟ್ಸ್ ಇಟ್ಟುಕೊಳ್ಳಿ, ಮೂರೂ ಒಬ್ಬರದ್ದೇ ಬೇಡ. ಅಷ್ಟಾದ ಮೇಲೆ ರಿಜಿಸ್ಟ್ರಾರ್ ರೋಟಾಕ್ಕೆ ಹಾಕಿ ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ, ನಿಮ್ಮ ಜೂನಿಯರ್ ಸಾಲು ತುಂಬಿರೋದು ಅವರಿಗೂ ಅನುಕೂಲವೇ.

ಎರಡನೆಯದು ಇದಕ್ಕಿಂತ ಮುಖ್ಯ. ತರಬೇತಿಯಲ್ಲಿಲ್ಲದ ವೈದ್ಯರನ್ನು ಲೇಬರ್ ವಾರ್ಡಿನ ರಾತ್ರಿಗಳಿಗೆ ಹಾಕಿ ಹಾಕಿ, ಸ್ತ್ರೀರೋಗದ ಕಡೆ ಖಾಲಿ ಉಳಿಸಿಬಿಡುತ್ತಾರೆ. ಹಿಸ್ಟರೋಸ್ಕೋಪಿ, ಲ್ಯಾಪರೋಸ್ಕೋಪಿ, ಗರ್ಭದ ಮೊದಲ ವಾರಗಳ ಸ್ಕ್ಯಾನ್, ಹೊರರೋಗಿ ಕ್ಲಿನಿಕ್, ಇವೆಲ್ಲ ಇಲ್ಲದ ಅರ್ಜಿ ಒಂದೇ ಕಾಲಿನಲ್ಲಿ ನಿಂತ ಹಾಗೆ. ಕರಾರು ನವೀಕರಿಸುವ ಮೊದಲೇ ವಾರಕ್ಕೆ ಎಷ್ಟು ಗೈನಿಕ್ (ಸ್ತ್ರೀರೋಗದ ಆಪರೇಷನ್) ಲಿಸ್ಟ್, ಎಷ್ಟು ಕಲಿಕೆಯ ಸಮಯ ಅಂತ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಬೇಡವೇ ಬೇಡ.

ರಾಯಲ್ ಕಾಲೇಜಿನ ಪಠ್ಯಕ್ರಮದಲ್ಲಿ 14 ಸಾಮರ್ಥ್ಯಗಳಿವೆ. ಅದರಲ್ಲಿ ಸರ್ಜರಿ, ತುರ್ತು ಚಿಕಿತ್ಸೆ ಒಂದು ಪಾಲು ಅಷ್ಟೇ. ಕಲಿಸುವುದು, ಗುಣಮಟ್ಟ ಸುಧಾರಣೆ, ತಂಡ ನಡೆಸುವುದು, ಸಂಶೋಧನೆ ಎಲ್ಲಕ್ಕೂ ಪುರಾವೆ ಬೇಕು. ದಾಖಲೆಯನ್ನು ಪ್ರತಿ ವಾರ ಹಾಕಿ, ಕೊನೆಗೆ ಒಟ್ಟಿಗೆ ಹಾಕೋಣ ಅಂದವರು ಸಾಮಾನ್ಯವಾಗಿ ಹಾಕುವುದೇ ಇಲ್ಲ. ಕನ್ಸಲ್ಟೆಂಟ್ ಆಗದೆಯೇ ಮಾಡಬಹುದಾದ ಸ್ಪೆಷಾಲಿಟಿ ಡಾಕ್ಟರ್ ಹುದ್ದೆಯನ್ನು ಸೋಲು ಅಂತ ನೋಡಬೇಡಿ ಅಂತಲೂ ಹೇಳಿದೆ. ಆ ಕೆಲಸದಲ್ಲೇ ನೆಮ್ಮದಿಯಾಗಿರುವವರು ನನಗೆ ಬೇಕಾದಷ್ಟು ಜನ ಗೊತ್ತು. ಈ ಮಾತು ಅವರಿಗೆ ಅಷ್ಟು ರುಚಿಸಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ನೀಲಿ ಪುಸ್ತಕದ ಬಗ್ಗೆ ಮಾತ್ರ ಅವರಿಗೆ ಸಮಾಧಾನವಾಗಿರಲಿಲ್ಲ. ಹಳೆಯ ಆಸ್ಪತ್ರೆಯ ವಿಭಾಗದ ಮುಖ್ಯಸ್ಥರಿಗೆ ಬರೆಯಿರಿ ಅಂದೆ. ರೋಗಿಗಳ ಹೆಸರಿಲ್ಲದೆ, ಯಾವ ಆಪರೇಷನ್, ಯಾವ ವರ್ಷ ಎಷ್ಟು, ಅಂತ ಆಸ್ಪತ್ರೆಯ ದಾಖಲೆ ನೋಡಿ ಲೆಟರ್‌ಹೆಡ್ಡಿನಲ್ಲಿ ಸಹಿ ಮಾಡಿ ಕೊಡಲಿ. ಹಳೆಯದಾದಷ್ಟೂ ಅದರ ತೂಕ ಕಡಿಮೆ, ಅದಕ್ಕೆ ಇವತ್ತೇ ಬರೆಯಿರಿ.

ಏಳು ತಿಂಗಳ ಮೇಲೆ ಫೋನ್ ಬಂತು. ರಿಜಿಸ್ಟ್ರಾರ್ ರೋಟಾಕ್ಕೆ ಬಂದು ಆರು ವಾರವಾಗಿತ್ತು. ಅದೇ ಮಿಡ್‌ವೈಫ್ ಈಗ ಹೆಸರು ಹಿಡಿದು ಕರೆಯುತ್ತಾರಂತೆ. ಗೈನಿಕ್ ಲಿಸ್ಟ್ ವಾರಕ್ಕೆ ಎರಡು ಕೇಳಿದ್ದರು, ಒಂದೇ ಸಿಕ್ಕಿದೆ, ಇನ್ನೊಂದಕ್ಕೆ ಜಗಳ ನಡೀತಿದೆ. ಹಳೆಯ ಆಸ್ಪತ್ರೆಯ ಪತ್ರವೂ ಬಂದಿತ್ತು. ಅದರಲ್ಲಿ ಸಿಸೇರಿಯನ್ 611.

“ನನ್ನ ಲೆಕ್ಕದಲ್ಲಿ 640 ಮೇಡಂ. ಯಾವುದನ್ನ ಬರೀಲಿ?”

“ಸಹಿ ಇರೋದನ್ನ,” ಅಂದೆ.

“ಆ 29 ನಾನೇ ಮಾಡಿದ್ದು,” ಅಂದರು. ಆದರೆ ನಗುತ್ತಿದ್ದರು.